ಕಾರ್ ಶೆಡ್ಡಿನಲ್ಲಿ ಹುಟ್ಟಿದ ನಮ್ಮ ಹಗಲು ಕೇಂದ್ರ

ಕೇಂದ್ರದ ಚರಿತ್ರೆ ಬರೆದುಕೊಡಿ ಎಂದು ಸ್ಮರಣ ಸಂಚಿಕೆ ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದವರು ನಮ್ಮ ನಾಲ್ವರು ಸ್ಥಾಪಕರು. ಅವರ ಹೆಸರು, ಭಾವಚಿತ್ರ ಮೊದಲ ಪುಟಗಳಲ್ಲೇ ಇವೆ. ಇಲ್ಲಿ ಅವರನ್ನು ನಾವು ಕರೆಯುತ್ತಿದ್ದ ಹಾಗೆಯೇ ಕರೆಯುತ್ತೇನೆ.

1990ರ ದಶಕದ ಆರಂಭ. ಬೆಂಗಳೂರಿನಲ್ಲಿ ಬುದ್ಧಿಮಾಂದ್ಯ ಮಕ್ಕಳಿಗೆ ವಿಶೇಷ ಶಾಲೆಗಳಿದ್ದವು. ಆದರೆ 18 ತುಂಬಿದವರಿಗೆ ಹೋಗಲು ಜಾಗ ಸಿಗುವುದು ಕಷ್ಟವಾಗಿತ್ತು. ಶಾಲೆಯಲ್ಲಿ ಕಲಿತದ್ದೆಲ್ಲ ಮನೆಯ ಮೂಲೆಯಲ್ಲಿ ಕೂತು ಮರೆತುಹೋಗುತ್ತಿತ್ತು. 1995ರ ಅಂಗವಿಕಲರ ಕಾಯ್ದೆ ಕೂಡ ಉಚಿತ ಶಿಕ್ಷಣದ ಮಾತು ಕೊಟ್ಟದ್ದು 18ರವರೆಗೆ ಮಾತ್ರ. ಮುಂದಿನದು ತಾಯಂದಿರ ಪಾಲು.

ಇಂಥವರಿಗೊಂದು ಹಗಲು ಕೇಂದ್ರ ತೆರೆಯಲು ಫೋರ್‌ಮನ್ ಮಾವ ತಮ್ಮ ಮನೆಯ ಕಾರ್ ಶೆಡ್ ಬಿಟ್ಟುಕೊಟ್ಟರು. ಔಷಧದಂಗಡಿಗಳಿಗೆ ಕಾಗದದ ಕವರು, ದೇವರ ಮನೆಗೆ ಹೂಬತ್ತಿ, ಇವೇ ಮೊದಲ ಕೆಲಸಗಳು. ಎಣಿಕೆ ಬಾರದವರಿಗಾಗಿ ಮಾವ ಒಂದು ಹಲಗೆಯಲ್ಲಿ 10 ಕುಳಿ ಕೊರೆದರು. ಕುಳಿಗೊಂದು ಬತ್ತಿ ಇಡುವುದು, ಎಲ್ಲ ತುಂಬಿದರೆ ಒಂದು ಕಟ್ಟು! ಟೀಚರಕ್ಕ ಕವರಿನ ಕೆಲಸವನ್ನು ಮಡಿಸುವುದು, ಅಂಟು ಹಚ್ಚುವುದು, ಒತ್ತುವುದು ಎಂದು ಬಿಡಿಸಿ, ಯಾರ ಕೈಗೆ ಯಾವುದು ಒಗ್ಗುತ್ತದೋ ಅದನ್ನು ಕೊಟ್ಟರು. ಬ್ಯಾಂಕಿನ ರಾಯರದು ಒಂದೇ ಹಟ: ಶನಿವಾರದ ಕೂಲಿ ದುಡಿದವರ ಕೈಗೇ ಹೋಗಬೇಕು, ಅಪ್ಪ ಅಮ್ಮನ ಕೈಗಲ್ಲ. ಮಳೆಗಾಲದಲ್ಲಿ ತಗಡು ಸೋರಿ ಕವರೆಲ್ಲ ತೊಯ್ದರೂ ಆ ಕೂಲಿ ತಪ್ಪಲಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಮುಚ್ಚಿಕೊಂಡ ಬಾಗಿಲುಗಳಿಗೆ ಲೆಕ್ಕವಿಲ್ಲ. ಅಂಥ ದಿನಗಳಲ್ಲಿ ಎಲ್ಲರನ್ನೂ ಹಿಡಿದಿಟ್ಟದ್ದು ಸರೋಜತ್ತೆಯ ಹುಳಿಯನ್ನ.

1995ರಲ್ಲಿ ದೇಶದ ಪಾಲಕರ ಸಂಘಗಳು ‘ಪರಿವಾರ್’ ಒಕ್ಕೂಟವಾಗಿ ಕೂಡಿದವು. ನಮ್ಮ ಊರಿನ ಜೆ.ಪಿ. ಗಾಡ್ಕರಿಯವರು ಆ ಚಳವಳಿಯಲ್ಲಿ ಮುಂದೆ ನಿಂತದ್ದು ನಮಗೆ ದೊಡ್ಡ ಧೈರ್ಯ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂದು, 18 ದಾಟಿದವರಿಗೂ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಲು ದಾರಿಯಾಯಿತು.

ಆಮೇಲಿನ ವರ್ಷಗಳು ಶಾಂತವಾಗಿ ಸಾಗಿದವು. ಬಾಡಿಗೆ ಮನೆ ಸಿಕ್ಕಿತು, ಹೊಲಿಗೆ ಯಂತ್ರಗಳು ಬಂದವು. ವಸತಿ ನಿಲಯವೂ ಬೇಕೆಂದ ಕೆಲವು ಕುಟುಂಬಗಳು ತಮ್ಮದೇ ಹಾದಿ ಹಿಡಿದವು. ಅವರ ನಿಲಯ ಇಂದು ಚೆನ್ನಾಗಿ ನಡೆಯುತ್ತಿದೆ, ಹಬ್ಬಕ್ಕೆ ಪರಸ್ಪರ ಕರೆಯುತ್ತೇವೆ.

ಬಸ್ ತರಬೇತಿಯ ಬಗ್ಗೆ ಮಾತ್ರ ವಿವರವಾಗಿ ಹೇಳಲೇಬೇಕು, ಅದರ ಹೊಣೆ ನನ್ನದಾಗಿತ್ತು. ಮೊದಲು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ, ನಂತರ ಹಿಂದಿನ ಸೀಟಿನಲ್ಲಿ, ಕೊನೆಗೆ ಇಳಿಯುವ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಸಂಖ್ಯೆ ಓದಲಾರದವರು ಬೋರ್ಡಿನ ಅಕ್ಷರಗಳ ಆಕಾರವನ್ನು ಚೀಟಿಯೊಂದಿಗೆ ಹೋಲಿಸಿ ಬಸ್ಸು ಗುರುತಿಸಿದರು. ರಿಯಾಯಿತಿ ಪಾಸು ಕೊರಳಿಗೆ ಹಾಕಿಕೊಂಡು ಒಬ್ಬರೇ ಬಂದಿಳಿದ ನಮ್ಮವರನ್ನು ಕಂಡ ತಾಯಂದಿರ ಮುಖ ನೋಡಬೇಕಿತ್ತು! ಕೇಂದ್ರದ ಸಾಧನೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಶೆಡ್ಡಿನ ಮೊದಲ ಗುಂಪಿನವರ ಕೂದಲು ಈಗ ನರೆತಿದೆ. ಮೆಟ್ಟಿಲು ಹತ್ತುವುದು ಕೆಲವರಿಗೆ ಕಷ್ಟ, ಅವರನ್ನು ಕರೆತರುವ ಅಪ್ಪ ಅಮ್ಮಂದಿರಿಗೆ ಇನ್ನೂ ಕಷ್ಟ. ಕೇಂದ್ರಕ್ಕಾಗಿ ಕಟ್ಟಲಿರುವ ಹೊಸ ಕಟ್ಟಡದ ನಕ್ಷೆ ಅಂತಿಮವಾಗುವ ಮೊದಲು ಈ ಮೊದಲ ಗುಂಪಿನವರಿಗಾಗಿ ನೆಲಮಹಡಿಯಲ್ಲೇ ಗಾಳಿ ಬೆಳಕಿನ ಕೋಣೆಯೊಂದನ್ನು ಇಡಬೇಕೆಂದು ಕೇಂದ್ರದ ಸಮಿತಿಯನ್ನು ಈ ಸಂಚಿಕೆಯ ಮೂಲಕವೇ ಕೇಳಿಕೊಳ್ಳುತ್ತೇನೆ.