ತಾರತಮ್ಯ

ಎರಡರಲ್ಲಿ ಮಿಗಿಲಾದುದನ್ನು ಸೂಚಿಸುವ ‘ತರ’ ಮತ್ತು ಹಲವುಗಳಲ್ಲಿ ಮಿಗಿಲಾದುದನ್ನು ಸೂಚಿಸುವ ‘ತಮ’ ಎಂಬ ಸಂಸ್ಕೃತ ಪ್ರತ್ಯಯಗಳು ಕೂಡಿ ‘ತರತಮ’ವಾಗಿ, ಅದರ ಭಾವನಾಮವಾಗಿ, ಎಂದರೆ ಗುಣವನ್ನೇ ಹೆಸರಿಸುವ ಪದವಾಗಿ, ‘ತಾರತಮ್ಯ’ ಹುಟ್ಟಿದೆ. ಮಾಧ್ವ ಸಿದ್ಧಾಂತದಲ್ಲಿ ದೇವತೆಗಳ ಹಾಗೂ ಜೀವರ ಶ್ರೇಣಿಯನ್ನು ಹೇಳುವ ಈ ಪಾರಿಭಾಷಿಕ ಪದವನ್ನು ಮಾನ್ವಿಯ ಜಗನ್ನಾಥದಾಸರು ‘ಹರಿಕಥಾಮೃತಸಾರ’ದ ಆರೋಹಣ, ಅವರೋಹಣ ತಾರತಮ್ಯ ಸಂಧಿಗಳ ಮೂಲಕ ಕನ್ನಡದ ಭಾಮಿನಿ ಷಟ್ಪದಿಯಲ್ಲಿ ನೆಲೆಗೊಳಿಸಿದರು.

ಕನ್ನಡದಲ್ಲಿ ಹೋಲಿಕೆಯನ್ನು ‘ಅದಕ್ಕಿಂತ ದೊಡ್ಡದು’ ಎಂಬಂತೆ ಹೇಳುವರೇ ಹೊರತು ಗುಣವಾಚಕಕ್ಕೆ ಹಚ್ಚುವ ಪ್ರತ್ಯಯವಿಲ್ಲ. ಆದ್ದರಿಂದ ‘ಶ್ರೇಷ್ಠ’ದೊಳಗಿನ ‘ಇಷ್ಠ’ ಪ್ರತ್ಯಯವೇ ಪರಮಾವಧಿಯನ್ನು ಹೇಳುತ್ತಿದ್ದರೂ ಕನ್ನಡದ ಕಿವಿಗೆ ಅದು ಸಾಮಾನ್ಯ ಗುಣವಾಚಕವಾಗಿ ಕೇಳಿಸಿ, ‘ಅತಿ ಶ್ರೇಷ್ಠ’ದಂತಹ ಇಮ್ಮಡಿ ರೂಪಗಳು ಸಹಜವಾಗಿ ಬಳಕೆಯಾಗುತ್ತವೆ. ‘ಶ್ರೇಷ್ಠತಮ’ ಎಂಬುದು ವೇದಭಾಷೆಯಲ್ಲಿಯೇ ಇರುವುದರಿಂದ ಇಂತಹ ಇಮ್ಮಡಿಯನ್ನು ಅಜ್ಞಾನದ ತಪ್ಪೆಂದು ತಳ್ಳಿಹಾಕುವುದು ಸಲ್ಲದು. ಇಂಗ್ಲಿಷಿನಲ್ಲಿಯೂ ಶೇಕ್ಸ್‌ಪಿಯರ್ ತನ್ನ ನಾಟಕಗಳಲ್ಲಿ ಒತ್ತು ಕೊಡಲು ಇಂತಹ ಇಮ್ಮಡಿ ರೂಪಗಳನ್ನು ಬಳಸಿದ್ದಾನೆ.

ಶ್ರೇಣಿಯನ್ನಷ್ಟೇ ಸೂಚಿಸುತ್ತಿದ್ದ ‘ತಾರತಮ್ಯ’ ಈಗ ‘ಲಿಂಗ ತಾರತಮ್ಯ’, ‘ಪ್ರಾದೇಶಿಕ ತಾರತಮ್ಯ’ ಎಂಬಲ್ಲಿ ಅನ್ಯಾಯದ ಭೇದಭಾವವನ್ನು ಹೇಳುತ್ತದೆ. ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ತಾಲ್ಲೂಕುಗಳನ್ನು ಹಿಂದುಳಿದ, ಹೆಚ್ಚು ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ವಿಂಗಡಿಸಿ ರಾಯಚೂರು ಜಿಲ್ಲೆಯ ದೇವದುರ್ಗವನ್ನು ಕೊನೆಯ ವರ್ಗದಲ್ಲಿರಿಸಿದಾಗ, ವ್ಯಾಕರಣದ ತರತಮವೇ ಒಂದು ನಾಡಿನ ನ್ಯಾಯದ ಬೇಡಿಕೆಗೆ ಅಳತೆಗೋಲಾಯಿತು.