ತಾಯಿಯಂತ್ರಕ್ಕೆ ಬೀಗ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿರುವ ಅಣೆಕಟ್ಟೆಯ ಗರಿಷ್ಠ ಮಟ್ಟ 186 ಅಡಿ. ಈ ಅಂಕಿ ಲಕ್ಕವಳ್ಳಿಯವರಿಗಿಂತ ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ರೈತರಿಗೇ ಹೆಚ್ಚು ಬಾಯಿಪಾಠ. ನಾಲೆಯ ಕೊನೆಯಲ್ಲಿ ಗದ್ದೆ ಇರುವವನಿಗೆ ಮಳೆಯಷ್ಟೇ ಮುಖ್ಯವಾದದ್ದು ಗೇಟಿನ ಕೀಲಿ. ಅದು ಎಂದು ತೆರೆಯುತ್ತದೆ, ಎಷ್ಟು ದಿನ ತೆರೆದಿರುತ್ತದೆ, ತೀರ್ಮಾನ ಯಾರದು? ಆದರೂ ಭದ್ರಾ ನೀರಿನ ಬಗ್ಗೆ ಜಗಳವಾಡಲು ಒಂದು ನೀರಾವರಿ ಸಲಹಾ ಸಮಿತಿಯಾದರೂ ಇದೆ. ಜಗತ್ತಿನ ಕಂಪ್ಯೂಟರ್ ಚಿಪ್ಪುಗಳ ಪ್ರವಾಹಕ್ಕೆ ಹಾಕಿರುವ ಗೇಟಿನ ಮುಂದೆ ನಿಂತು ಜಗಳವಾಡುವುದಕ್ಕೆ ಅಂಥ ಜಾಗವೂ ಇಲ್ಲ.

ಆ ಗೇಟು ಇರುವುದು ಚಿಪ್ಪಿನಲ್ಲಲ್ಲ, ಚಿಪ್ಪು ಮಾಡುವ ಯಂತ್ರದಲ್ಲಿ. ಸಿಲಿಕಾನ್ ಅಪರೂಪದ ವಸ್ತುವೇನಲ್ಲ. ನಮ್ಮ ಕಾಲಡಿಯ ಮರಳೆಲ್ಲ ಅದೇ. ಲಕ್ಕವಳ್ಳಿಯಿಂದ ಕೆಳಕ್ಕೆ ಭದ್ರೆಯ ದಂಡೆಯಲ್ಲೇ ಇರುವ ಭದ್ರಾವತಿಯ ಕಾರ್ಖಾನೆ ಹಿಂದೆ ಕಬ್ಬಿಣದೊಡನೆ ಸಿಲಿಕಾನ್ ಬೆರೆತ ಫೆರೋಸಿಲಿಕಾನನ್ನು ತಯಾರಿಸುತ್ತಿತ್ತು. ಅಪರೂಪವಾದದ್ದು ಶುದ್ಧ ಸಿಲಿಕಾನ್ ಬಿಲ್ಲೆಯ ಮೇಲೆ ಅತಿ ಸೂಕ್ಷ್ಮ ಗೆರೆಗಳನ್ನು ಬೆಳಕಿನಿಂದ ಮೂಡಿಸುವ ಯಂತ್ರ. ಇವುಗಳಲ್ಲಿ ಅತ್ಯಾಧುನಿಕವಾದದ್ದನ್ನು ತಯಾರಿಸುವುದು ಜಗತ್ತಿನಲ್ಲಿ ಒಂದೇ ಕಂಪನಿ, ನೆದರ್ಲೆಂಡ್ಸಿನ ವೆಲ್ಡ್‌ಹೋವನ್ ಊರಿನ ಎ.ಎಸ್.ಎಂ.ಎಲ್. ಕರಗಿದ ತವರದ ಸೂಕ್ಷ್ಮ ಹನಿಗಳಿಗೆ ಸೆಕೆಂಡಿಗೆ ಸುಮಾರು 50,000 ಸಲ ಲೇಸರ್ ಬಡಿದು, ಅದರಿಂದ 13.5 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೊರಡಿಸಿ, ಕನ್ನಡಿಗಳ ಸಾಲಿನ ಮೂಲಕ ಬಿಲ್ಲೆಗೆ ಇಳಿಸುತ್ತದೆ ಈ ಯಂತ್ರ. ಕನ್ನಡಿ ಜರ್ಮನಿಯ ಜೈಸ್ ಕಂಪನಿಯದು, ಲೇಸರ್ ಜರ್ಮನಿಯ ಟ್ರುಂಫ್‌ನದು, ಬೆಳಕಿನ ಮೂಲದ ತಂತ್ರ ಅಮೆರಿಕದ ಸ್ಯಾನ್ ಡಿಯೇಗೋದ್ದು. ಆ ಕೊನೆಯ ಕಾರಣವೇ ವಾಷಿಂಗ್ಟನ್ನಿಗೆ ಒಂದು ಹಿಡಿಕೆ. 2019ರಿಂದ ಈ ಯಂತ್ರವನ್ನು ಚೀನಾಕ್ಕೆ ಕಳಿಸಲು ಡಚ್ ಸರ್ಕಾರ ಪರವಾನಗಿ ಕೊಟ್ಟಿಲ್ಲ. 2022ರ ಅಕ್ಟೋಬರ್ 7ರಂದು ಅಮೆರಿಕ ತನ್ನ ನಿರ್ಬಂಧವನ್ನು ಬಿಗಿಗೊಳಿಸಿತು. 2023ರಲ್ಲಿ ಜಪಾನ್ ಮತ್ತು ನೆದರ್ಲೆಂಡ್ಸ್ ಹಿಂಬಾಲಿಸಿದವು.

ಇದೆಲ್ಲ ಚೀನಾದ ತಲೆನೋವು, ನಮಗೇನು ಎನ್ನುವವರು ಬೆಂಗಳೂರಿನ ಹಳೆಯ ಕಡತಗಳನ್ನು ಸ್ವಲ್ಪ ಕೆದಕಬೇಕು.

ಯಂತ್ರವನ್ನು ತಯಾರಿಸುವ ಯಂತ್ರವನ್ನು ಎಂಜಿನಿಯರರು ತಾಯಿಯಂತ್ರ ಎಂದು ಕರೆಯುವುದುಂಟು. ಅದು ಸಿಕ್ಕಿದ ಕಾಲವೊಂದು ನಮಗೂ ಇತ್ತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿತು. ಮರುವರ್ಷ ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ಸಹಯೋಗದಲ್ಲಿ ಅಲ್ಲೇ ಬಿ.ಇ.ಎಲ್. ಬಂತು. 1962ರಲ್ಲಿ ಬಿ.ಇ.ಎಲ್. ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿದಾಗ ಅದಕ್ಕೆ ವಿದ್ಯೆ ಕಲಿಸಿದ್ದು ಹಾಲೆಂಡಿನ ಫಿಲಿಪ್ಸ್. 1967ರ ಹೊತ್ತಿಗೆ ಸಿಲಿಕಾನ್ ಸಾಧನಗಳೂ ಇಂಟಿಗ್ರೇಟೆಡ್ ಸರ್ಕ್ಯೂಟುಗಳೂ ಜಾಲಹಳ್ಳಿಯಲ್ಲಿ ತಯಾರಾಗುತ್ತಿದ್ದವು. ಅದೇ ಫಿಲಿಪ್ಸ್ 1984ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ, ತನ್ನ ಪ್ರಯೋಗಶಾಲೆಯ ಗೆರೆ ಮೂಡಿಸುವ ಯಂತ್ರವನ್ನು ಪ್ರತ್ಯೇಕ ಸಂಸ್ಥೆಯಾಗಿ ಹೊರಗಿಟ್ಟಿತು. ಇಂದಿನ ಎ.ಎಸ್.ಎಂ.ಎಲ್. ಅದೇ. ಜಾಲಹಳ್ಳಿಗೂ ವೆಲ್ಡ್‌ಹೋವನ್ನಿಗೂ ಹೀಗೆ ಒಬ್ಬನೇ ಮೇಷ್ಟ್ರು. ಒಬ್ಬ ಶಿಷ್ಯ ಗೇಟಿನ ಕೀಲಿ ಹಿಡಿದ, ಇನ್ನೊಬ್ಬ ಸಾಲಿನಲ್ಲಿ ನಿಂತ.

ಬೀಗ ಹಾಕುವ ಪದ್ಧತಿಯೇನೂ ಹೊಸದಲ್ಲ. ಸೋವಿಯತ್ ಬಣಕ್ಕೆ ಸೂಕ್ಷ್ಮ ಸಾಮಗ್ರಿ ಹೋಗದಂತೆ ತಡೆಯಲು ಪಶ್ಚಿಮದ ದೇಶಗಳು 1949ರಲ್ಲಿ ಕೋಕಾಂ ಎಂಬ ಸಮಿತಿ ಮಾಡಿಕೊಂಡಿದ್ದವು. ಜಪಾನಿನ ತೋಷಿಬಾ ಮಷಿನ್ ಕಂಪನಿ ಹಡಗಿನ ಪ್ರೊಪೆಲರ್ ಕೆತ್ತುವ ಯಂತ್ರಗಳನ್ನು ಸೋವಿಯತ್ತಿಗೆ ಕದ್ದು ಮಾರಿತ್ತೆಂಬುದು 1987ರಲ್ಲಿ ಬಯಲಾದಾಗ ಅಮೆರಿಕದ ಸಂಸದರು ತಮ್ಮ ಸಂಸತ್ ಭವನದ ಅಂಗಳದಲ್ಲೇ ತೋಷಿಬಾ ರೇಡಿಯೋವನ್ನು ಸುತ್ತಿಗೆಯಿಂದ ಪುಡಿ ಮಾಡಿದರು. ಪ್ರೊಪೆಲರ್ ಅಲ್ಲ, ಅದನ್ನು ಕೆತ್ತುವ ಯಂತ್ರ ಎಂಬುದನ್ನು ಗಮನಿಸಬೇಕು. ಸಿಟ್ಟು ಯಾವಾಗಲೂ ತಾಯಿಯಂತ್ರದ ಮೇಲೆ.

ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಂದು ಮಹಾಗಣಕದ ಕನಸು ಕಾಣುತ್ತಿತ್ತು. 1985ರಲ್ಲಿ ರಾಜೀವ್ ಗಾಂಧಿ ಅಮೆರಿಕಕ್ಕೆ ಹೋಗಿಬಂದ ಮೇಲೆ ಎರಡೂ ದೇಶಗಳ ನಡುವೆ ಈ ಕುರಿತು ಮಾತು ಬಿರುಸಾಯಿತು. ಸಂಸ್ಥೆಗೆ ಬೇಕಿದ್ದದ್ದು ಕ್ರೇ ಕಂಪನಿಯ ಎಕ್ಸ್-ಎಂ.ಪಿ./24, ಅಂದರೆ ಎರಡು ಸಂಸ್ಕಾರಕಗಳ ಯಂತ್ರ. ಅಣುಬಾಂಬಿನ ಲೆಕ್ಕಕ್ಕೆ, ಗುಪ್ತಲಿಪಿ ಒಡೆಯುವುದಕ್ಕೆ ಬಳಸಿಬಿಟ್ಟರೆ ಎಂಬುದು ಅಮೆರಿಕದ ಶಂಕೆ. ವರ್ಷಗಟ್ಟಲೆ ಚೌಕಾಸಿ ನಡೆದು ಕೊನೆಗೆ ಸಿಕ್ಕಿದ್ದು ಒಂದೇ ಸಂಸ್ಕಾರಕದ ಎಕ್ಸ್-ಎಂ.ಪಿ./14. ಅದೂ ಬೆಂಗಳೂರಿಗಲ್ಲ, ದೆಹಲಿಗೆ. ಹವಾಮಾನ ಮುನ್ಸೂಚನೆಗೆ ಮಾತ್ರ, ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಎಂಬ ಷರತ್ತಿನೊಡನೆ. ಅದು ಕೆಲಸಕ್ಕೆ ಇಳಿದದ್ದು 1989ರಲ್ಲಿ.

ಇತ್ತ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಕೈಕಟ್ಟಿ ಕೂರಲಿಲ್ಲ. ಹಲವು ಸಣ್ಣ ಸಂಸ್ಕಾರಕಗಳನ್ನು ಒಟ್ಟಿಗೆ ದುಡಿಸುವ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು 1986ರಲ್ಲೇ ಜೋಡಿಸಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಪರಮ್’ ಬಂದದ್ದು ಅದಾದ ಮೇಲೆ, 1991ರಲ್ಲಿ. ಹೆಚ್ಚಿನ ಹೆಸರು ಸಿಕ್ಕಿದ್ದು ಪರಮ್‌ಗೆ. ಫ್ಲೋಸಾಲ್ವರ್ ಹೆಸರು ಕೇಳಿದ ಕನ್ನಡಿಗರು ಎಷ್ಟು ಮಂದಿಯೋ.

‘ಕೊಡಲಿಲ್ಲ, ಆದ್ದರಿಂದ ನಾವೇ ಮಾಡಿಕೊಂಡೆವು’ ಎಂಬ ಈ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಅದು ಅರ್ಧ ಕಥೆ. ಫ್ಲೋಸಾಲ್ವರ್‌ನ ಒಳಗಿದ್ದದ್ದು ಅಮೆರಿಕದ ಇಂಟೆಲ್ ಚಿಪ್ಪುಗಳು. ಪರಮ್‌ನೊಳಗಿದ್ದದ್ದು ಬ್ರಿಟನ್ನಿನ ಟ್ರಾನ್ಸ್‌ಪ್ಯೂಟರುಗಳು. ಯಾರೂ ಬೀಗ ಹಾಕಲು ಮರೆತಿದ್ದ, ಅಥವಾ ಹಾಕುವ ಅಗತ್ಯವಿಲ್ಲವೆಂದು ಬಿಟ್ಟಿದ್ದ ಬಾಗಿಲಿನಿಂದ ತಂದ ಸಾಮಗ್ರಿ ಅದು. ನಮ್ಮ ಬುದ್ಧಿ ಇದ್ದದ್ದು ಜೋಡಣೆಯಲ್ಲಿ. ಸ್ವಂತ ಚಿಪ್ಪಿಗೆಂದು ಮೊಹಾಲಿಯಲ್ಲಿ ಕಟ್ಟಿದ ಸರ್ಕಾರಿ ಕಾರ್ಖಾನೆ 1984ರಲ್ಲಿ ಉತ್ಪಾದನೆ ಆರಂಭಿಸಿ 1989ರಲ್ಲಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಎದ್ದು ನಿಲ್ಲಲು ಅದಕ್ಕೆ ಹಿಡಿದ ವರ್ಷಗಳಿಗೆ ಅಮೆರಿಕವನ್ನು ದೂರುವಂತಿಲ್ಲ.

1998ರ ಮೇ ತಿಂಗಳ ಪೋಖ್ರಾನ್ ಸ್ಫೋಟದ ನಂತರ ಬಂದ ನಿರ್ಬಂಧ ಮಾತ್ರ ನೇರವಾಗಿ ಬೆಂಗಳೂರಿನ ಎದೆಗೇ ತಾಕಿತು. ಆಗ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ನಮ್ಮ ತಂಡವೊಂದು ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿ ಕೆಲಸ ಮಾಡುತ್ತಿತ್ತು. ತಂಡ ಅರ್ಧದಲ್ಲೇ ವಾಪಸಾಗಬೇಕಾಯಿತು. ಆ ನವೆಂಬರಿನಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಪ್ರಕಟಿಸಿದ ಕಪ್ಪುಪಟ್ಟಿಯಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಇಸ್ರೋ ಮೊದಲಾದ ಹೆಸರುಗಳಿದ್ದವು. ಅದೇ ಪಟ್ಟಿಗೆ 2019ರಲ್ಲಿ ಚೀನಾದ ಹುವಾವೇ, 2020ರಲ್ಲಿ ಅಲ್ಲಿನ ಚಿಪ್ ತಯಾರಕ ಎಸ್.ಎಂ.ಐ.ಸಿ. ಸೇರಿದವು. ಪಟ್ಟಿ ಒಂದೇ, ಸರದಿ ಬೇರೆ.

ನಿಯಂತ್ರಣದ ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿದರು. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ಆ ವಿಮಾನವನ್ನು ಎಚ್.ಎ.ಎಲ್. ನಿಲ್ದಾಣದಿಂದ ಮೇಲಕ್ಕೆ ಒಯ್ದರು. ಆದರೆ ಅಂದು ಅದನ್ನು ಎತ್ತಿದ್ದು ನಿರ್ಬಂಧಕ್ಕೆ ಮುಂಚೆಯೇ ಕೊಂಡು ತಂದಿದ್ದ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್.

ಇಸ್ರೋದ ಕ್ರಯೋಜೆನಿಕ್ ಎಂಜಿನ್ನಿನ ಕಥೆ ಎಲ್ಲರಿಗೂ ಗೊತ್ತು. ನಾನು ಹೇಳಬಯಸುವುದು ಅದರ ತಾರೀಖುಗಳನ್ನಷ್ಟೇ. ಯು.ಆರ್. ರಾವ್ ಅಧ್ಯಕ್ಷರಾಗಿದ್ದಾಗ ರಷ್ಯದ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದವಾದದ್ದು 1991ರಲ್ಲಿ. ಅಮೆರಿಕ ನಿರ್ಬಂಧ ಹೇರಿದ್ದು 1992ರಲ್ಲಿ. ವಿದ್ಯೆ ಕೊಡಲಾರೆ, ಸಿದ್ಧ ಎಂಜಿನ್ ಕೊಡುತ್ತೇನೆ ಎಂದು ರಷ್ಯ ಹಿಂದೆಗೆದದ್ದು 1993ರಲ್ಲಿ. ನಮ್ಮದೇ ಎಂಜಿನ್ ಹೊತ್ತ ರಾಕೆಟ್ ಗುರಿ ಮುಟ್ಟಿದ್ದು 2014ರ ಜನವರಿ 5ರಂದು. ನಿರ್ಬಂಧ ಕಿತ್ತುಕೊಳ್ಳುವುದು ವಿದ್ಯೆಯನ್ನಲ್ಲ, ಕಾಲವನ್ನು. ರಾಕೆಟ್ಟಿನ ವಿಷಯದಲ್ಲಿ 20 ವರ್ಷ ಕಾದರೂ ಗುರಿ ಅಲ್ಲೇ ಇರುತ್ತದೆ. ಚಿಪ್ಪಿನಲ್ಲಿ ಹಾಗಲ್ಲ, ಕೆಲವೇ ವರ್ಷಕ್ಕೆ ಒಂದು ತಲೆಮಾರು ಕಳೆದು, ಗುರಿ ಮುಂದಕ್ಕೆ ಓಡಿರುತ್ತದೆ. ಚೀನಾಕ್ಕೆ ಹಾಕಿರುವ ಬೀಗದ ಲೆಕ್ಕಾಚಾರವೂ ಇದೇ.

2001ರ ನಂತರ ನಮ್ಮ ಮೇಲಿನ ಬಿಗಿ ಸಡಿಲವಾಗುತ್ತ ಬಂತು. ಇಸ್ರೋ ಪಟ್ಟಿಯಿಂದ ಹೊರಬಂದದ್ದು 2011ರಲ್ಲಿ. ಕೋಕಾಂ 1994ರಲ್ಲಿ ಮುಗಿದು, ಅದರ ಜಾಗಕ್ಕೆ ಬಂದ ವಾಸೆನಾರ್ ಕೂಟಕ್ಕೆ 2017ರಲ್ಲಿ ಭಾರತವೂ ಸದಸ್ಯನಾಯಿತು. ಬೀಗ ಹಾಕಿಸಿಕೊಂಡವರು ಬೀಗ ಹಾಕುವವರ ಪಂಕ್ತಿಯಲ್ಲಿ ಎಲೆ ಹಾಕಿಕೊಂಡದ್ದು ಹೀಗೆ.

ಬೆಂಗಳೂರಿನ ಸ್ಥಾನ ಈಗ ಇನ್ನೂ ವಿಚಿತ್ರ. ಬಿಲ್ಲೆಯ ಮೇಲೆ ಪದರ ಹಚ್ಚುವ, ಪದರ ಕೆತ್ತುವ ಯಂತ್ರಗಳ ತಯಾರಿಕೆಯಲ್ಲಿ ಮುಂಚೂಣಿಯಲ್ಲಿರುವ ಅಮೆರಿಕದ ಎರಡು ಕಂಪನಿಗಳು ಅಪ್ಲೈಡ್ ಮೆಟೀರಿಯಲ್ಸ್ ಮತ್ತು ಲ್ಯಾಮ್ ರಿಸರ್ಚ್. ಎರಡಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರುಗಳ ದೊಡ್ಡ ಪಡೆಯಿದೆ. ಇಲ್ಲಿ 40 ಕೋಟಿ ಡಾಲರ್ ಹೂಡುವುದಾಗಿ ಅಪ್ಲೈಡ್ 2023ರಲ್ಲಿ ಘೋಷಿಸಿತು. 10,000 ಕೋಟಿ ರೂಪಾಯಿಗೂ ಹೆಚ್ಚಿನ ಹೂಡಿಕೆಯ ಮಾತನ್ನು ಲ್ಯಾಮ್ 2025ರಲ್ಲಿ ಆಡಿತು. ತಾಯಿಯಂತ್ರದ ಬಿಡಿಭಾಗಗಳ ನಕ್ಷೆ, ಅದನ್ನು ನಡೆಸುವ ತಂತ್ರಾಂಶ ಬೆಂಗಳೂರಿನ ಮೇಜುಗಳ ಮೇಲೂ ರೂಪುಗೊಳ್ಳುತ್ತವೆ. ಆದರೆ ಅಮೆರಿಕದ ಕಾನೂನಿನ ಕಣ್ಣಿನಲ್ಲಿ ಕ್ಯಾಲಿಫೋರ್ನಿಯದಿಂದ ಬೆಂಗಳೂರಿನ ಕಚೇರಿಗೆ ಪರದೆಯ ಮೇಲೆ ಬಂದ ನಕ್ಷೆಯೂ ರಫ್ತೇ. ಅದಕ್ಕೆ ಬೇಕಾಗುವ ಪರವಾನಗಿಗಳು 2018ರಲ್ಲಿ ಅಮೆರಿಕ ಭಾರತದ ದರ್ಜೆಯನ್ನು ಏರಿಸಿದ ಮೇಲೆ ಕಡಿಮೆಯಾಗಿವೆ. ಏರಿಸಿದವರು ಇಳಿಸಲೂ ಬಲ್ಲರು.

2022ರ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಚೀನಾದ ಅತ್ಯಾಧುನಿಕ ಚಿಪ್ ಕಾರ್ಖಾನೆಗಳಿಗೆ ಅನುಮತಿಯಿಲ್ಲದೆ ನೆರವಾಗಬಾರದು ಎಂಬ ಕಟ್ಟು ಯಂತ್ರಗಳಿಗಷ್ಟೇ ಅಲ್ಲ, ಮನುಷ್ಯರಿಗೂ ಅನ್ವಯಿಸುತ್ತದೆ. ಅಮೆರಿಕದ ಪ್ರಜೆ ಮಾತ್ರವಲ್ಲ, ಅಲ್ಲಿ ಗ್ರೀನ್ ಕಾರ್ಡ್ ಪಡೆದ ಕನ್ನಡಿಗನೂ ಅದಕ್ಕೆ ಒಳಪಡುತ್ತಾನೆ. ಅವನ ಕೈಯಲ್ಲಿರುವ ಪಾಸ್‌ಪೋರ್ಟ್ ಭಾರತದ್ದೇ ಆಗಿರಬಹುದು. ತಲೆಯಲ್ಲಿರುವ ವಿದ್ಯೆಯನ್ನು ಎಲ್ಲಿ ಬಳಸಬಹುದು ಎಂದು ಹೇಳುವ ಅಧಿಕಾರ ವಾಷಿಂಗ್ಟನ್ನಿನದು.

ಚೀನಾ ಸುಮ್ಮನಿರಲಿಲ್ಲ. 2023ರ ಆಗಸ್ಟ್ 1ರಿಂದ ಅದು ಎರಡು ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಒಂದು ಗ್ಯಾಲಿಯಂ. ಇನ್ನೊಂದು, 1962ರಲ್ಲಿ ಜಾಲಹಳ್ಳಿಯ ಮೊದಲ ಟ್ರಾನ್ಸಿಸ್ಟರುಗಳಿಗೆ ಬಳಸಿದ ಅದೇ ಜರ್ಮೇನಿಯಂ.