ಮೋಟಾರು ಸೈಕಲ್ ಎಂಜಿನ್ ಅಳವಡಿಸಿದ ಹಗುರ ಕಿಟ್ ಕಾರು: ನಿರ್ಮಾಣ, ನೋಂದಣಿ ಮತ್ತು ಕಾನೂನು ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಶಿವಮೊಗ್ಗ ನಗರ ಮತ್ತು ಭದ್ರಾವತಿಯಲ್ಲಿ ಯಂತ್ರಕೌಶಲಕ್ಕೆ ಹಳೆಯ ಪರಂಪರೆಯಿದೆ. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಉತ್ಪಾದನೆಯು 1923ರಲ್ಲಿ ಆರಂಭಗೊಂಡಿತು. ಸವಳಂಗ ರಸ್ತೆಯ ನವುಲೆಯಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಸ್ಥಾಪನೆಯಾಯಿತು. ಇಂತಹ ಊರಿನಲ್ಲಿ ಹಳೆಯ ಮೋಟಾರು ಸೈಕಲ್ಲಿನ ಎಂಜಿನ್ನನ್ನು ಕೊಳವೆ ಚೌಕಟ್ಟಿಗೆ ಜೋಡಿಸಿ ಪುಟ್ಟ ಕಾರೊಂದನ್ನು ಕಟ್ಟುವ ಆಸಕ್ತಿ ಯುವಕರಲ್ಲಿ ಮೂಡುವುದು ಸಹಜ. ಆದರೆ ಹೀಗೆ ಕಟ್ಟಿದ ವಾಹನವನ್ನು ರಸ್ತೆಗಿಳಿಸಲು ನೋಂದಣಿ ದೊರೆಯುವುದೇ ಎಂಬುದನ್ನು ಹಣ ಹಾಗೂ ಶ್ರಮ ವ್ಯಯಿಸುವ ಮೊದಲೇ ತಿಳಿದುಕೊಳ್ಳುವುದು ಅಗತ್ಯ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಹಿನ್ನೆಲೆ

ಬಿಡಿಭಾಗಗಳ ರೂಪದಲ್ಲಿ ಖರೀದಿಸಿ ಮಾಲೀಕರೇ ಜೋಡಿಸಿಕೊಳ್ಳುವ ಕಾರಿಗೆ ಕಿಟ್ ಕಾರು ಎಂದು ಹೆಸರು. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಇದರ ಪ್ರಸಿದ್ಧ ಮಾದರಿ. ಅದಕ್ಕೂ ಮೊದಲು, 1946ರಲ್ಲಿ ಕೂಪರ್ ಸಂಸ್ಥೆಯು 500 ಸಿ.ಸಿ.ಯ ಜೆ.ಎ.ಪಿ. ಮೋಟಾರು ಸೈಕಲ್ ಎಂಜಿನ್ನನ್ನು ಚಾಲಕನ ಹಿಂಬದಿಗೆ ಅಳವಡಿಸಿ ಪುಟ್ಟ ಪಂದ್ಯದ ಕಾರನ್ನು ನಿರ್ಮಿಸಿತ್ತು. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ಬಿಡಿಯಾಗಿ ಪರೀಕ್ಷಿಸಿ ಅನುಮೋದಿಸುವ ಪ್ರತ್ಯೇಕ ವ್ಯವಸ್ಥೆಯಿದೆ. ಭಾರತದ ಕಾನೂನು ಇದಕ್ಕಿಂತ ಭಿನ್ನವಾಗಿದ್ದು, ವಿದೇಶದ ಉದಾಹರಣೆಗಳನ್ನು ನೋಡಿ ಇಲ್ಲಿಯೂ ಹಾಗೆಯೇ ನೋಂದಣಿ ದೊರೆಯುವುದೆಂದು ಭಾವಿಸಬಾರದು.

ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ಕುಶಲಕರ್ಮಿಯೊಬ್ಬರು ದ್ವಿಚಕ್ರ ವಾಹನದ ಭಾಗಗಳು ಹಾಗೂ ಗುಜರಿ ಸಾಮಗ್ರಿಯಿಂದ, ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪೊಂದನ್ನು ಕಟ್ಟಿದ್ದು 2021ರ ಡಿಸೆಂಬರಿನಲ್ಲಿ ದೇಶದ ಗಮನ ಸೆಳೆಯಿತು. ವಾಹನ ತಯಾರಿಕಾ ಸಂಸ್ಥೆಯೊಂದರ ಮುಖ್ಯಸ್ಥರು ಅವರ ಕೌಶಲವನ್ನು ಮೆಚ್ಚಿದರಾದರೂ, ವಾಹನವು ನಿಯಮಗಳಿಗೆ ಹೊಂದುವುದಿಲ್ಲವೆಂದು ಹೇಳಿ, ಅದಕ್ಕೆ ಬದಲಾಗಿ ಹೊಸ ವಾಹನವನ್ನು ನೀಡಲು ಮುಂದಾದರು. 2022ರ ಜನವರಿಯಲ್ಲಿ ಅವರಿಗೆ ಹೊಸ ವಾಹನ ದೊರೆಯಿತು. ಕೌಶಲಕ್ಕೆ ಮನ್ನಣೆ ದೊರೆಯುವುದು ಬೇರೆ, ರಸ್ತೆಯ ಪರವಾನಗಿ ದೊರೆಯುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ತಾಂತ್ರಿಕ ಅಂಶಗಳು

ಮೋಟಾರು ಸೈಕಲ್ಲಿನ ಎಂಜಿನ್, ಕ್ಲಚ್ ಮತ್ತು ಗೇರ್ ಪೆಟ್ಟಿಗೆ ಒಂದೇ ಕವಚದಲ್ಲಿರುವುದರಿಂದ ಅದು ಹಗುರವಾಗಿದ್ದು ಕಡಿಮೆ ಜಾಗದಲ್ಲಿ ಕೂರುತ್ತದೆ. ಆದರೆ ಅದನ್ನು ನಾಲ್ಕು ಚಕ್ರದ ವಾಹನಕ್ಕೆ ಜೋಡಿಸಿದಾಗ ಈ ಕೆಳಗಿನ ತೊಡಕುಗಳು ಉಂಟಾಗುತ್ತವೆ.

(ಅ) ಎಣ್ಣೆ ಪೂರೈಕೆ: ಮೋಟಾರು ಸೈಕಲ್ ತಿರುವಿನಲ್ಲಿ ಒಳಗೆ ವಾಲುವುದರಿಂದ ಎಣ್ಣೆಯು ತೊಟ್ಟಿಯ ತಳದಲ್ಲಿಯೇ ಉಳಿಯುತ್ತದೆ. ಕಾರು ಹಾಗೆ ವಾಲುವುದಿಲ್ಲ. ತಿರುವಿನಲ್ಲಿ ಎಣ್ಣೆಯು ಒಂದು ಬದಿಗೆ ಸರಿದು ಪಂಪಿನ ಹೀರುಬಾಯಿ ಬರಿದಾದರೆ ಬೇರಿಂಗುಗಳು ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗಬಹುದು. ತೊಟ್ಟಿಯೊಳಗೆ ತಡೆಗೋಡೆಗಳನ್ನು ಕೂರಿಸುವುದು ಅಥವಾ ಎಣ್ಣೆಗೆ ಪ್ರತ್ಯೇಕ ತೊಟ್ಟಿಯನ್ನು ಒದಗಿಸುವುದು ಇದಕ್ಕೆ ಪರಿಹಾರ.

(ಆ) ಕ್ಲಚ್ಚಿನ ಹೊರೆ: ಒಬ್ಬಿಬ್ಬರು ಸವಾರರ ಭಾರಕ್ಕೆ ರೂಪಿಸಿದ ಕ್ಲಚ್ಚು, ಇಮ್ಮಡಿಗೂ ಹೆಚ್ಚಿನ ಭಾರವನ್ನು ನಿಂತಲ್ಲಿಂದ ಎಳೆಯಬೇಕಾದಾಗ ಬೇಗ ಸವೆಯುತ್ತದೆ.

(ಇ) ತಂಪಾಗಿಸುವಿಕೆ: ಗಾಳಿಯಿಂದ ತಣಿಯುವ ಎಂಜಿನ್ನನ್ನು ಆಸನದ ಹಿಂದೆ ಮುಚ್ಚಿದ ಜಾಗದಲ್ಲಿ ಕೂರಿಸಿದರೆ ಮಿತಿಮೀರಿ ಬಿಸಿಯಾಗುತ್ತದೆ.

(ಈ) ಹಿಂಗೇರ್: ಸಾಮಾನ್ಯ ಮೋಟಾರು ಸೈಕಲ್ ಎಂಜಿನ್ನಿನಲ್ಲಿ ಹಿಂದಕ್ಕೆ ಚಲಿಸುವ ಗೇರ್ ಇರುವುದಿಲ್ಲ.

(ಉ) ಚಾಲನೆಯ ಹಂಚಿಕೆ: ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಸರಪಣಿಯು ಒಂದೇ ಗಟ್ಟಿ ಅಚ್ಚನ್ನು ತಿರುಗಿಸಿದರೆ ಚಕ್ರಗಳು ಜಾರುತ್ತವೆ. ಆದ್ದರಿಂದ ಡಿಫರೆನ್ಷಿಯಲ್ ಅಗತ್ಯ.

(ಊ) ಬ್ರೇಕು ಮತ್ತು ಚೌಕಟ್ಟು: ಎಂಜಿನ್ ಚಾಲೂ ಆದ ಮಾತ್ರಕ್ಕೆ ವಾಹನವು ಸುರಕ್ಷಿತವಾಗುವುದಿಲ್ಲ. ಬ್ರೇಕು, ಸ್ಟಿಯರಿಂಗ್, ಬೆಸುಗೆಯ ಗಟ್ಟಿತನ ಹಾಗೂ ಇಂಧನ ಟ್ಯಾಂಕಿನ ರಕ್ಷಣೆಯೇ ಅಪಘಾತದಲ್ಲಿ ಪ್ರಾಣವನ್ನು ಉಳಿಸತಕ್ಕ ಅಂಶಗಳು.

4. ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 39ರ ಮೇರೆಗೆ ನೋಂದಣಿಯಾಗದ ಮೋಟಾರು ವಾಹನವನ್ನು ಚಲಾಯಿಸುವಂತಿಲ್ಲ. ಹೊಸ ವಾಹನದ ನೋಂದಣಿಗೆ ನಮೂನೆ 20ರ ಅರ್ಜಿಯೊಂದಿಗೆ ನಮೂನೆ 21ರ ಮಾರಾಟ ಪ್ರಮಾಣಪತ್ರ, ತಯಾರಕರು ನೀಡುವ ನಮೂನೆ 22ರ ರಸ್ತೆಯೋಗ್ಯತಾ ಪ್ರಮಾಣಪತ್ರ ಮತ್ತು ವಿಮಾ ಪತ್ರ ಮುಂತಾದವುಗಳನ್ನು ಸಲ್ಲಿಸತಕ್ಕದ್ದು. ತಯಾರಕರು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರ ಮೇರೆಗೆ ವಾಹನದ ಮೂಲಮಾದರಿಯನ್ನು ಪುಣೆಯ ಎ.ಆರ್.ಎ.ಐ. ಮುಂತಾದ ಅಧಿಕೃತ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಅನುಮೋದನೆ ಪಡೆಯತಕ್ಕದ್ದು. ಮನೆಯಲ್ಲಿ ಅಥವಾ ಗ್ಯಾರೇಜಿನಲ್ಲಿ ಕಟ್ಟಿದ ಒಂಟಿ ವಾಹನಕ್ಕೆ ಈ ದಾಖಲೆಗಳು ಇಲ್ಲದಿರುವುದರಿಂದ ಅದನ್ನು ನೋಂದಾಯಿಸಲು ಬರುವುದಿಲ್ಲ.

ನೋಂದಣಿಯಾಗಿರುವ ಹಳೆಯ ಕಾರಿಗೆ ಮೋಟಾರು ಸೈಕಲ್ ಎಂಜಿನ್ ಹಾಕುವುದಕ್ಕೂ ಅವಕಾಶವಿಲ್ಲ. ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಲಂ 52 ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ತುಂಡುಭಾಗಗಳಿಂದ ಕಟ್ಟಿದ "ಜುಗಾಡ್" ವಾಹನವೂ ಮೋಟಾರು ವಾಹನವೇ ಎಂದು ಅದೇ ನ್ಯಾಯಾಲಯವು 2013ರಲ್ಲಿ ಸ್ಪಷ್ಟಪಡಿಸಿದೆ.

5. ಅವಕಾಶವಿರುವ ಮಾರ್ಪಾಡುಗಳು

(ಅ) ಕೆಟ್ಟುಹೋದ ಎಂಜಿನ್ನಿಗೆ ಬದಲಾಗಿ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನನ್ನು ನೋಂದಣಿ ಪ್ರಾಧಿಕಾರಿಯ ಅನುಮೋದನೆಯೊಂದಿಗೆ ಅಳವಡಿಸಿ, ಹೊಸ ಎಂಜಿನ್ ಸಂಖ್ಯೆಯನ್ನು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಿಸಿಕೊಳ್ಳುವುದು. ಅನುಮೋದನೆಯಿಲ್ಲದೆ ಬದಲಾವಣೆ ನಡೆದಿದ್ದಲ್ಲಿ 14 ದಿನಗಳೊಳಗೆ ವರದಿ ಸಲ್ಲಿಸತಕ್ಕದ್ದು.

(ಆ) ಅನುಮೋದಿತ ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ವಿದ್ಯುತ್ ಪರಿವರ್ತನಾ ಕಿಟ್ಟನ್ನು ನಿಯಮಾನುಸಾರ ಅಳವಡಿಸುವುದು.

(ಇ) ದೈಹಿಕ ಅಂಗವೈಕಲ್ಯವುಳ್ಳ ವ್ಯಕ್ತಿಯ ಬಳಕೆಗಾಗಿ ವಾಹನವನ್ನು ಮಾರ್ಪಡಿಸುವುದು.

ವಾಹನವು ಸಾಲದ ಕರಾರಿಗೆ ಒಳಪಟ್ಟಿದ್ದಲ್ಲಿ ಸಾಲ ನೀಡಿದವರ ಲಿಖಿತ ಒಪ್ಪಿಗೆ ಕಡ್ಡಾಯ.

6. ಕಲಿಕೆ ಮತ್ತು ಪಂದ್ಯದ ವಾಹನಗಳು

ಕಾರ್ಖಾನೆ ಅಥವಾ ಆವೃತ ಆವರಣದಲ್ಲಿ ಮಾತ್ರ ಬಳಸಲು ರೂಪಿಸಿದ ವಿಶೇಷ ಬಗೆಯ ವಾಹನವು ಕಲಂ 2(28)ರ "ಮೋಟಾರು ವಾಹನ" ಎಂಬ ವ್ಯಾಖ್ಯೆಯಿಂದ ಹೊರಗಿದೆ. ವಿದ್ಯಾರ್ಥಿಗಳಿಗೆ ಮುಕ್ತವಾಗಿರುವ ದಾರಿ ಇದೇ ಆಗಿದೆ. ಸುಪ್ರಾ ಎಸ್.ಎ.ಇ. ಇಂಡಿಯಾ ಮತ್ತು ಫಾರ್ಮುಲಾ ಭಾರತ್‌ನಂತಹ ಅಂತರ ಕಾಲೇಜು ಸ್ಪರ್ಧೆಗಳಲ್ಲಿ ವಿದ್ಯಾರ್ಥಿ ತಂಡಗಳು ಒಂಟಿ ಆಸನದ ಕಾರುಗಳನ್ನು ತಾವೇ ರೂಪಿಸಿ ಕಟ್ಟುತ್ತವೆ. ಕೆ.ಟಿ.ಎಂ. 390 ಮೋಟಾರು ಸೈಕಲ್ಲಿನ 373 ಸಿ.ಸಿ. ಎಂಜಿನ್ ಇಂತಹ ತಂಡಗಳಲ್ಲಿ ಬಳಕೆಯಲ್ಲಿದೆ. ಸ್ಪರ್ಧೆಯ ತಾಂತ್ರಿಕ ಪರಿಶೀಲಕರು ಚೌಕಟ್ಟು, ಬ್ರೇಕು ಮತ್ತು ಚಾಲಕರ ರಕ್ಷಣೆಯನ್ನು ಪರೀಕ್ಷಿಸಿದ ನಂತರವೇ ಕಾರನ್ನು ಓಡಿಸಲು ಬಿಡುತ್ತಾರೆ.

ಇಂತಹ ವಾಹನವನ್ನು ಸ್ಪರ್ಧಾ ಸ್ಥಳಕ್ಕೆ ಲಾರಿಯಲ್ಲಿ ಹೇರಿಕೊಂಡು ಹೋಗತಕ್ಕದ್ದು. ಕಾಲೇಜಿನ ಆವರಣದಿಂದ ಹೊರಗೆ, ಸವಳಂಗ ರಸ್ತೆಯಲ್ಲಾಗಲಿ ಅದಕ್ಕೆ ಸೇರುವ ಬಡಾವಣೆಯ ರಸ್ತೆಗಳಲ್ಲಾಗಲಿ, ಬೆಳಗಿನ ಜಾವ ವಾಹನ ಸಂಚಾರ ವಿರಳವಾಗಿರುವಾಗಲೂ ಪರೀಕ್ಷಾರ್ಥವಾಗಿ ಓಡಿಸುವಂತಿಲ್ಲ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ಸ್ಥಳವು ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳವಾಗಿದೆ.

7. ಉಲ್ಲಂಘನೆಯ ಪರಿಣಾಮ

ಕಾಯ್ದೆಯ 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ(4)ರ ಮೇರೆಗೆ, ಅವಕಾಶವಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಇವೆರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನೋಂದಣಿಯಿಲ್ಲದ ವಾಹನ ಚಾಲನೆ (ಕಲಂ 192) ಹಾಗೂ ವಿಮೆಯಿಲ್ಲದ ಚಾಲನೆ (ಕಲಂ 196) ಪ್ರತ್ಯೇಕ ಅಪರಾಧಗಳಾಗಿವೆ.

ದಂಡಕ್ಕಿಂತಲೂ ಗಂಭೀರವಾದ ವಿಷಯವೆಂದರೆ ಪರಿಹಾರದ ಹೊಣೆ. ವಿಮೆಯಿಲ್ಲದ ವಾಹನದಿಂದ ದಾರಿಹೋಕರೊಬ್ಬರು ಗಾಯಗೊಂಡರೆ ಅಥವಾ ಮೃತಪಟ್ಟರೆ, ನ್ಯಾಯಮಂಡಳಿಯು ವಿಧಿಸುವ ಪರಿಹಾರದ ಪೂರ್ಣ ಮೊತ್ತವನ್ನು ಮಾಲೀಕರು ಸ್ವಂತ ಆಸ್ತಿಯಿಂದ ಭರಿಸಬೇಕಾಗಬಹುದು. ಗಾಯಾಳುವಿನ ಕುಟುಂಬಕ್ಕೆ ಪರಿಹಾರ ಸಕಾಲದಲ್ಲಿ ದೊರೆಯದೆ ಹೋಗುವ ಸಂಭವವೂ ಉಂಟು.

8. ಎಂಜಿನ್ ತೆಗೆದ ಮೋಟಾರು ಸೈಕಲ್ಲಿನ ದಾಖಲೆ

ಎಂಜಿನ್ನನ್ನು ಬೇರ್ಪಡಿಸಿ ಮೋಟಾರು ಸೈಕಲ್ಲನ್ನು ಶಾಶ್ವತವಾಗಿ ಬಳಕೆಗೆ ಬಾರದಂತೆ ಮಾಡಿದಲ್ಲಿ, ಕಲಂ 55ರ ಮೇರೆಗೆ 14 ದಿನಗಳೊಳಗೆ ಅಥವಾ ಆದಷ್ಟು ಶೀಘ್ರವಾಗಿ ವರದಿ ಸಲ್ಲಿಸಿ ನೋಂದಣಿ ಪ್ರಮಾಣಪತ್ರವನ್ನು ಹಿಂದಿರುಗಿಸತಕ್ಕದ್ದು. ಬಿಡಿ ಎಂಜಿನ್ ಖರೀದಿಸುವವರು ಮಾರಾಟಗಾರರ ರಸೀದಿ ಹಾಗೂ ಮೂಲ ವಾಹನದ ದಾಖಲೆಯ ಪ್ರತಿಯನ್ನು ಇಟ್ಟುಕೊಳ್ಳುವುದು ಸೂಕ್ತ. ಕಳವಾದ ವಾಹನದ ಎಂಜಿನ್ ಎಂಬ ಸಂಶಯ ಬಂದಲ್ಲಿ ಇವೇ ಆಧಾರವಾಗುತ್ತವೆ.

9. ಅರ್ಜಿ ಮತ್ತು ಮೇಲ್ಮನವಿ

ಶಿವಮೊಗ್ಗ ನಗರ ಮತ್ತು ಭದ್ರಾವತಿಯ ನಿವಾಸಿಗಳು ಶಿವಮೊಗ್ಗದ ಪ್ರಾದೇಶಿಕ ಸಾರಿಗೆ ಕಚೇರಿಗೆ (ಕೆಎ-14) ಅರ್ಜಿ ಸಲ್ಲಿಸತಕ್ಕದ್ದು. ನೋಂದಣಿಯನ್ನು ನಿರಾಕರಿಸಿದಲ್ಲಿ ಅದರ ಕಾರಣಗಳನ್ನು ಲಿಖಿತವಾಗಿ ಪಡೆಯುವುದು ಅರ್ಜಿದಾರರ ಹಕ್ಕು. ಆದೇಶದ ತಿಳಿವಳಿಕೆ ತಲುಪಿದ 30 ದಿನಗಳೊಳಗೆ ಕಲಂ 57ರ ಮೇರೆಗೆ ಮೇಲ್ಮನವಿ ಸಲ್ಲಿಸಬಹುದು.

10. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಎಂಜಿನ್ ಮೋಟಾರು ಸೈಕಲ್ಲಿನದಾದ್ದರಿಂದ ದ್ವಿಚಕ್ರ ವಾಹನದ ಚಾಲನಾ ಪರವಾನಗಿ ಸಾಕೆ?
ಉತ್ತರ: ಸಾಲದು. ಪರವಾನಗಿಯು ವಾಹನದ ವರ್ಗವನ್ನು ಅವಲಂಬಿಸಿದೆಯೇ ಹೊರತು ಎಂಜಿನ್ನಿನ ಮೂಲವನ್ನಲ್ಲ.

ಪ್ರಶ್ನೆ: ಹಳೆಯ ಕಾರಿನ ನೋಂದಣಿ ಸಂಖ್ಯೆಯನ್ನು ಹೊಸದಾಗಿ ಕಟ್ಟಿದ ವಾಹನಕ್ಕೆ ಬಳಸಬಹುದೆ?
ಉತ್ತರ: ಬಳಸುವಂತಿಲ್ಲ. ನೋಂದಣಿಯು ಆಯಾ ವಾಹನದ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳಿಗೆ ಸಂಬಂಧಿಸಿರುತ್ತದೆ.

ಪ್ರಶ್ನೆ: ಸಣ್ಣ ಎಂಜಿನ್ನಿನ ನಾಲ್ಕು ಚಕ್ರದ ವಾಹನಕ್ಕೆ ಕಾನೂನಿನಲ್ಲಿ ಸ್ಥಾನವೇ ಇಲ್ಲವೆ?
ಉತ್ತರ: ಇದೆ. ಕ್ವಾಡ್ರಿಸೈಕಲ್ ಎಂಬ ವರ್ಗವನ್ನು ನಿಯಮಗಳಲ್ಲಿ ಗುರುತಿಸಲಾಗಿದೆ. 216 ಸಿ.ಸಿ. ಎಂಜಿನ್ನಿನ ಬಜಾಜ್ ಕ್ಯೂಟ್ ಈ ವರ್ಗದಲ್ಲಿ ಅನುಮೋದನೆ ಪಡೆದ ವಾಹನ. ಆದರೆ ಅದು ಪರೀಕ್ಷೆಗೆ ಒಳಪಟ್ಟು ಅನುಮೋದನೆಗೊಂಡ ಕಾರ್ಖಾನೆಯ ಉತ್ಪನ್ನವೇ ಹೊರತು ಮನೆಯಲ್ಲಿ ಕಟ್ಟಿದ ವಾಹನವಲ್ಲ.

ಸಾರ್ವಜನಿಕರು ವಾಹನ ನಿರ್ಮಾಣ ಅಥವಾ ಮಾರ್ಪಾಡಿನ ಕೆಲಸವನ್ನು ಕೈಗೊಳ್ಳುವ ಮುನ್ನವೇ ನೋಂದಣಿ ಪ್ರಾಧಿಕಾರಿಯವರನ್ನು ಲಿಖಿತವಾಗಿ ವಿಚಾರಿಸಿಕೊಳ್ಳುವಂತೆ ಕೋರಲಾಗಿದೆ.